ಮನೆಮಂದಿಯೆಲ್ಲ ಒಟ್ಟಾಗಿ ಆಡುವ ಚುರುಕಿನ ಪತ್ತೇದಾರಿ ಬೋರ್ಡ್ ಗೇಮ್ ಆರಿಸುವ ಬಗೆ

ಒಬ್ಬರು ಗೆದ್ದು ಉಳಿದವರು ಸೋಲುವುದೇ ಆಟ ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪಗಡೆ, ಚೌಕಾಬಾರ, ಹಾವು-ಏಣಿ, ಕೇರಂ ಯಾವುದನ್ನು ತೆಗೆದುಕೊಂಡರೂ ಅದೇ ಕ್ರಮ. ಪತ್ತೇದಾರಿ ಆಟಗಳಲ್ಲೂ ಬಹುಕಾಲ ಹೀಗೆಯೇ ನಡೆದಿತ್ತು. ಇಂಗ್ಲೆಂಡಿನಲ್ಲಿ 1949ರಲ್ಲಿ ಮಾರುಕಟ್ಟೆಗೆ ಬಂದ ಕ್ಲೂಡೋದಲ್ಲಿ ಕೊಲೆಗಾರ ಯಾರು, ಆಯುಧ ಯಾವುದು, ಕೋಣೆ ಯಾವುದು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಚೀಟಿಯಲ್ಲಿ ಗುಟ್ಟಾಗಿ ಗುರುತಿಸಿಕೊಳ್ಳುತ್ತ, ಉಳಿದವರಿಗಿಂತ ಮೊದಲು ಬಾಯಿಬಿಡಲು ಹವಣಿಸುತ್ತಾರೆ. ಸಹಕಾರಿ ಪತ್ತೇದಾರಿ ಆಟದಲ್ಲಿ ಸುತ್ತ ಕುಳಿತವರೆಲ್ಲ ಒಂದೇ ತಂಡ, ಗುಟ್ಟು ಡಬ್ಬದೊಳಗಿರುತ್ತದೆ, ಸಿಕ್ಕ ಸುಳಿವನ್ನು ಎಲ್ಲರ ಮುಂದಿಟ್ಟು ಮಾತಾಡುತ್ತಲೇ ಕಳ್ಳನನ್ನೋ ಕೊಲೆಗಾರನನ್ನೋ ಹಿಡಿಯಬೇಕು. ಗೆದ್ದರೆ ಎಲ್ಲರೂ ಗೆಲ್ಲುತ್ತಾರೆ, ಸೋತರೆ ಎಲ್ಲರೂ ಸೋಲುತ್ತಾರೆ.

ಇಂತಹ ಆಟಗಳು ಈಗ ಹೇರಳವಾಗಿವೆ. ಆದರೆ ಹೆಚ್ಚಿನವು ಜರ್ಮನಿ, ಫ್ರಾನ್ಸ್, ಅಮೆರಿಕ, ಕೆನಡಾಗಳಲ್ಲಿ ಅಲ್ಲಿಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ಡಬ್ಬದ ಮೇಲಿನ ಕಥೆಯ ರೋಚಕತೆಯನ್ನು ನಂಬಿ ಕೊಂಡ ಆಟ ನಮ್ಮ ಮನೆಯಲ್ಲಿ ಒಮ್ಮೆ ಮಾತ್ರ ಹೊರಬಂದು ಮತ್ತೆ ಕಪಾಟು ಸೇರುವುದಕ್ಕೆ ಕಾರಣ ಸಾಮಾನ್ಯವಾಗಿ ಇಷ್ಟೇ: ಇಬ್ಬರು ಓದುತ್ತ, ತರ್ಕಿಸುತ್ತ ಆಡುತ್ತಾರೆ, ಉಳಿದವರು ನೋಡುತ್ತ ಕೂರುತ್ತಾರೆ. ಆದ್ದರಿಂದ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ ಎಂಬುದು ನನ್ನ ದೃಢ ಅಭಿಪ್ರಾಯ: ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಇಂಗ್ಲಿಷ್ ಓದಬಲ್ಲವರ ಕೈಗೂ ತಾವೇ ಕಂಡುಹಿಡಿಯಬಹುದಾದ ಒಂದು ಸುಳಿವು ಈ ಆಟದಲ್ಲಿ ಸಿಗುತ್ತದೆಯೇ?

ಮೊದಲ ಹೆಜ್ಜೆ: ಯಾರು ಕೂರುತ್ತಾರೆ ಎಂಬುದನ್ನು ಬರೆದುಕೊಳ್ಳಿ

ಅಂಗಡಿಯನ್ನೋ ಜಾಲತಾಣವನ್ನೋ ತೆರೆಯುವ ಮೊದಲು ಒಂದು ಕಾಗದದಲ್ಲಿ ನಿಜವಾಗಿ ಆಟಕ್ಕೆ ಕೂರುವವರ ಹೆಸರುಗಳನ್ನು ಬರೆದು, ಪ್ರತಿ ಹೆಸರಿನ ಎದುರು ವಯಸ್ಸು, ಸರಾಗವಾಗಿ ಓದಬಲ್ಲ ಭಾಷೆ, ಎಷ್ಟು ಹೊತ್ತು ಒಂದೆಡೆ ಕೂರಬಲ್ಲರು, ಸಣ್ಣ ಚಿತ್ರಗಳನ್ನು ನೋಡಲು ಕಣ್ಣು ಸಹಕರಿಸುತ್ತದೆಯೇ ಎಂಬುದನ್ನು ಗುರುತಿಸಿಕೊಳ್ಳಿ. ಡಬ್ಬದ ಮೇಲೆ 2ರಿಂದ 7 ಎಂದೋ 1ರಿಂದ 4 ಎಂದೋ ಇರುವ ಸಂಖ್ಯೆಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ನಾಲ್ವರ ಆಟಕ್ಕೆ ಆರು ಜನರನ್ನು ಕೂರಿಸಿದರೆ ನಿಯಮ ಮುರಿಯುವುದಿಲ್ಲ, ಆದರೆ ಇಬ್ಬರಿಗೆ ಕೆಲಸವಿರುವುದಿಲ್ಲ. ಮನೆಗೆ ಆಗಾಗ ಚಿಕ್ಕಪ್ಪ, ಅತ್ತೆಯ ಮಕ್ಕಳು ಬಂದುಹೋಗುವವರಾದರೆ ಆರು-ಏಳು ಜನರಿಗೂ ಹೊಂದುವ ಆಟವನ್ನೇ ನೋಡುವುದು ಒಳ್ಳೆಯದು.

ವಯಸ್ಸಿನ ಗುರುತನ್ನು ಸ್ವಲ್ಪ ಎಚ್ಚರಿಕೆಯಿಂದ ಓದಬೇಕು. 10 ವರ್ಷಕ್ಕೆ ಮೇಲ್ಪಟ್ಟವರಿಗೆ ಎಂಬ ಸೂಚನೆಗೆ ತರ್ಕದ ಕಷ್ಟ ಕಾರಣವಿರಬಹುದು, ಓದುವ ಹೊರೆ ಕಾರಣವಿರಬಹುದು, ಕಥೆಯಲ್ಲಿ ಕೊಲೆ ಇರುವುದೂ ಕಾರಣವಿರಬಹುದು. ಕಾರಣ ಯಾವುದೆಂದು ತಿಳಿದ ಮೇಲೆ ಎಂಟು ವರ್ಷದ ಮಗುವನ್ನು ಕೂರಿಸಬಹುದೇ ಎಂದು ನೀವೇ ನಿರ್ಧರಿಸಬಹುದು.

ಎರಡನೆಯ ಹೆಜ್ಜೆ: ವೇಗ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಿ

ಚುರುಕಿನ ಆಟ ಬೇಕು ಎನ್ನುವವರು ಮೂರು ಬೇರೆ ಬೇರೆ ಸಂಗತಿಗಳಲ್ಲಿ ಒಂದನ್ನು ಕೇಳುತ್ತಿರುತ್ತಾರೆ, ಇವು ಒಂದಕ್ಕೊಂದು ತಾಳೆಯಾಗಬೇಕೆಂದಿಲ್ಲ.

ಮೊದಲನೆಯದು, ಗಡಿಯಾರದ ಒತ್ತಡದಿಂದ ಬರುವ ವೇಗ. 2020ರಲ್ಲಿ ಬಂದ ಫೈವ್ ಮಿನಿಟ್ ಮಿಸ್ಟರಿ ಇದಕ್ಕೆ ಶುದ್ಧ ಉದಾಹರಣೆ. ಐದು ನಿಮಿಷಗಳೊಳಗೆ ಚಿತ್ರಗಳಲ್ಲಿ ಅಡಗಿರುವ ಚಿಹ್ನೆಗಳನ್ನು ಹುಡುಕಿ, ಅದರಿಂದ ಸುಳಿವುಗಳನ್ನು ಗಳಿಸಿ, ಶಂಕಿತರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತ ಅಪರಾಧಿಯನ್ನು ತಲುಪಬೇಕು. ಎಲ್ಲರೂ ಏಕಕಾಲಕ್ಕೆ ಹುಡುಕುವುದರಿಂದ ಯಾರೂ ಸರದಿಗಾಗಿ ಕಾಯುವುದಿಲ್ಲ, ಮತ್ತು ಐದು ನಿಮಿಷದ ಆಟವಾದ್ದರಿಂದ ಸೋತರೂ ಮರುಕ್ಷಣವೇ ಇನ್ನೊಮ್ಮೆ ಆಡೋಣ ಎನ್ನಿಸುತ್ತದೆ. ಆದರೆ ಗಡಿಯಾರ ಓಡುತ್ತಿದ್ದಾಗ ಗಲಾಟೆಯಾಗುತ್ತದೆ, ಕೈಗಳು ಅಡ್ಡಬರುತ್ತವೆ, ನಿಧಾನವಾಗಿ ಯೋಚಿಸುವ ಹಿರಿಯರು ಹಿಂದೆ ಸರಿಯುತ್ತಾರೆ. ಹದಿಹರೆಯದವರೇ ಹೆಚ್ಚಿರುವ ಮನೆಗೆ ಇದು ಹೇಳಿ ಮಾಡಿಸಿದಂತಿದ್ದರೂ, ತಾತ-ಅಜ್ಜಿಯರನ್ನು ಕೂರಿಸಿಕೊಳ್ಳುವ ಉದ್ದೇಶವಿದ್ದರೆ ಮೊದಲ ಕೆಲವು ಸಲ ಗಡಿಯಾರವಿಲ್ಲದೆ ಆಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಂಡು, ಮುಂದಿನ ಸಲ ಅದಕ್ಕಿಂತ ಬೇಗ ಮುಗಿಸಲು ಯತ್ನಿಸುವುದು ಮೇಲು.

ಎರಡನೆಯದು, ಒಟ್ಟು ಅವಧಿ ಚಿಕ್ಕದಾಗಿರುವುದು. 2019ರಲ್ಲಿ ಬಂದ, ಕಾರ್ಡುಗಳ ಸುಳಿವಿನಿಂದ ಗುಟ್ಟಿನ ಪಾತ್ರವನ್ನು ಕಂಡುಹಿಡಿಯುವ ಸಿಮಿಲೋ 10–15 ನಿಮಿಷದ ಆಟ, ಅದರಲ್ಲಿ ಗಡಿಯಾರವೇ ಇಲ್ಲ. ರಾತ್ರಿ ಊಟಕ್ಕೆ ಮುಂಚೆ ಸಿಗುವ ಅರ್ಧ ಗಂಟೆಗೆ ಇಂತಹದ್ದೇ ಸರಿ.

ಮೂರನೆಯದು ಕಾಯುವಿಕೆ ಇಲ್ಲದಿರುವುದು; ನನ್ನ ಪ್ರಕಾರ ಕುಟುಂಬಕ್ಕೆ ಇದೇ ಮುಖ್ಯ. ಮುಕ್ಕಾಲು ಗಂಟೆಯ ಆಟವಾದರೂ ಪ್ರತಿ ಕ್ಷಣ ಎಲ್ಲರಿಗೂ ನೋಡಲು, ಹೇಳಲು ಏನಾದರೂ ಇದ್ದರೆ ಅದು ಚುರುಕಾಗಿಯೇ ಅನ್ನಿಸುತ್ತದೆ, ಇಪ್ಪತ್ತು ನಿಮಿಷದ ಆಟದಲ್ಲಿ ಐದು ನಿಮಿಷಕ್ಕೊಮ್ಮೆ ಸರದಿ ಬಂದರೆ ಮಕ್ಕಳು ಎದ್ದುಹೋಗುತ್ತಾರೆ. ಡಬ್ಬದ ಮೇಲೆ ಅಚ್ಚಾದ ನಿಮಿಷಗಳು ನಿಯಮ ಬಲ್ಲವರ ಲೆಕ್ಕ. ಮೊದಲ ಸಲ ಜೋಡಿಸಲು, ವಿವರಿಸಲು ಬೇಕಾಗುವ ಹೊತ್ತನ್ನು ಅದರ ಮೇಲೆ ಸೇರಿಸಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಓದುವ ಹೊರೆಯನ್ನು ಅಳೆಯಿರಿ

ಕನ್ನಡದ ಮನೆಗಳಿಗೆ ಇದು ಎಲ್ಲಕ್ಕಿಂತ ದೊಡ್ಡ ಜರಡಿ. ಆಟದಲ್ಲಿ ಅಕ್ಷರ ಎಷ್ಟಿದೆ, ಅದನ್ನು ಯಾರು ಓದಬೇಕು ಎಂಬುದರ ಮೇಲೆ ಸಹಕಾರಿ ಪತ್ತೇದಾರಿ ಆಟಗಳನ್ನು ವಿಂಗಡಿಸಿಕೊಂಡರೆ ಆಯ್ಕೆ ಬಹಳ ಸುಲಭವಾಗುತ್ತದೆ.

ಅಕ್ಷರದ ಅಗತ್ಯವೇ ಇಲ್ಲದೆ ಚಿತ್ರಗಳಿಂದಲೇ ನಡೆಯುವ ಆಟಗಳು ಒಂದು ಬಗೆ: ಸಿಮಿಲೋ, ಮಿಸ್ಟೀರಿಯಂ, ಪುಟ್ಟ ಮಕ್ಕಳ ಔಟ್‌ಫಾಕ್ಸ್ಡ್. ಇವುಗಳನ್ನು ಆಡುವ ಬಗೆ ಮುಂದಿನ ಹೆಜ್ಜೆಯಲ್ಲಿದೆ. ಇವುಗಳಲ್ಲಿ ನಿಯಮಪುಸ್ತಕವನ್ನು ಒಬ್ಬರು ಓದಿ ಕನ್ನಡದಲ್ಲಿ ಹೇಳಿಕೊಟ್ಟರೆ ಮುಗಿಯಿತು, ಆಮೇಲೆ ಇಡೀ ಆಟ ನಿಮ್ಮ ಮನೆಮಾತಿನಲ್ಲೇ ನಡೆಯುತ್ತದೆ. ಹೊರದೇಶಗಳಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಅವರನ್ನು ನೋಡಲು ಹೋದ ಅಜ್ಜಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದರೆ ಮಾತಾಡುವಷ್ಟು ಕನ್ನಡ ಇಬ್ಬರಲ್ಲೂ ಇದೆ ಎಂಬ ಪರಿಸ್ಥಿತಿಯಲ್ಲಿ ಈ ಬಗೆಯ ಆಟಕ್ಕೆ ಸಾಟಿಯಿಲ್ಲ. ‘ಈ ಚಿತ್ರದಲ್ಲಿ ನಿಂಗೇನು ಕಾಣ್ತದೆ ಹೇಳು ಪುಟ್ಟಿ’ ಎಂದು ಅಜ್ಜಿ ಕೇಳುವುದು ಅಲ್ಲಿ ಆಟದ ನಡುವಿನ ಹರಟೆಯಾಗಿರದೆ ಆಟದ ನಡೆಯೇ ಆಗಿರುತ್ತದೆ.

ಓದುವವರು ಒಬ್ಬರಿದ್ದರೆ ಸಾಕಾಗುವ ಆಟಗಳು ಇನ್ನೊಂದು ಬಗೆ. ನಗರದ ದೊಡ್ಡ ನಕ್ಷೆಯಲ್ಲಿ ಸುಳಿವು ಹುಡುಕುವ ಮೈಕ್ರೋಮ್ಯಾಕ್ರೋ ಇಲ್ಲಿಗೆ ಸೇರುತ್ತದೆ: ಪ್ರಶ್ನೆ ಚೀಟಿಯಲ್ಲಿರುತ್ತದೆ, ಉತ್ತರ ಚಿತ್ರದಲ್ಲಿರುತ್ತದೆ. ಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳುವ ಜವಾಬ್ದಾರಿ ಹೊತ್ತರೆ ಅವರಿಗೂ ಹೆಮ್ಮೆ, ಉಳಿದವರಿಗೂ ಅನುಕೂಲ.

ಪ್ರತಿಯೊಬ್ಬರೂ ಓದಲೇಬೇಕಾದ ಆಟಗಳದ್ದು ಬೇರೆಯೇ ದಾರಿ. ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್ ಸಹಕಾರಿ ಪತ್ತೇದಾರಿ ಆಟಗಳ ಹಿರಿಯಣ್ಣ, 1985ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿಯನ್ನು ಗೆದ್ದದ್ದು. ಲಂಡನ್ನಿನ ನಕ್ಷೆ, ವಿಳಾಸಪಟ್ಟಿ, ಅಂದಿನ ಪತ್ರಿಕೆಯ ಮಾದರಿಗಳನ್ನು ಹರಡಿಕೊಂಡು, ಯಾರನ್ನು ಭೇಟಿಯಾಗಬೇಕೆಂದು ಚರ್ಚಿಸಿ, ಪುಟಗಟ್ಟಲೆ ಓದಿ ಪ್ರಕರಣ ಬಿಡಿಸಬೇಕು. ಇಂಗ್ಲಿಷಿನಲ್ಲಿ ಪತ್ತೇದಾರಿ ಕಥೆಗಳನ್ನು ಪ್ರೀತಿಯಿಂದ ಓದುವ ದೊಡ್ಡವರಿಗೆ ಅದಕ್ಕಿಂತ ಸಮೃದ್ಧವಾದದ್ದು ಇನ್ನೊಂದಿಲ್ಲ, ಆದರೆ ಚುರುಕಿನ ಕುಟುಂಬದ ಆಟ ಹುಡುಕುವವರು ಅದನ್ನು ಪಕ್ಕಕ್ಕಿಡಬೇಕು. ಎಕ್ಸಿಟ್, ಅನ್‌ಲಾಕ್ ಎಂಬ, ಒಗಟು ಬಿಡಿಸಿ ಸಿಕ್ಕಿಬಿದ್ದ ಜಾಗದಿಂದ ಪಾರಾಗುವ ಸರಣಿಗಳಲ್ಲಿಯೂ ಕಥೆ ಓದುವುದಿದೆ, ಕೆಲವೊಮ್ಮೆ ಇಂಗ್ಲಿಷ್ ಪದಗಳ ಮೇಲೆಯೇ ಒಗಟು ನಿಂತಿರುತ್ತದೆ. ಅಂತಹದ್ದನ್ನು ಬಾಯಲ್ಲಿ ಕನ್ನಡಕ್ಕೆ ತಂದರೆ ಒಗಟೇ ಉಳಿಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಯಾವ ಬಗೆಯ ಪತ್ತೇದಾರಿಕೆ ನಿಮ್ಮ ಮನೆಗೆ ಹೊಂದುತ್ತದೆ?

ಐದರಿಂದ ಎಂಟು ವರ್ಷದ ಮಕ್ಕಳಿದ್ದರೆ 2014ರ ಔಟ್‌ಫಾಕ್ಸ್ಡ್ ಆಟದಿಂದ ಆರಂಭಿಸುವುದು ಕ್ಷೇಮ. ಕಡುಬನ್ನು ಕದ್ದ ನರಿ ಯಾವುದು ಎಂಬುದೇ ಪ್ರಕರಣ. ಹದಿನಾರು ಶಂಕಿತ ನರಿಗಳಲ್ಲಿ ಒಂದು ಕಳ್ಳ. ದಾಳ ಉರುಳಿಸುವ ಮೊದಲೇ ಸುಳಿವು ಹುಡುಕುವುದೋ ಶಂಕಿತರ ಮುಖ ತೆರೆಯುವುದೋ ಎಂದು ಮಗು ನಿರ್ಧರಿಸಬೇಕು. ಟೋಪಿ, ಕನ್ನಡಕ, ಕೊಡೆ ಮುಂತಾದ ಸುಳಿವಿನ ಬಿಲ್ಲೆಯನ್ನು ಒಂದು ಪುಟ್ಟ ಸಾಧನದಲ್ಲಿಟ್ಟು ಕಿಂಡಿ ಸರಿಸಿದರೆ ಕಳ್ಳನ ಬಳಿ ಅದು ಇದೆಯೋ ಇಲ್ಲವೋ ತಿಳಿಯುತ್ತದೆ. ‘ಕಳ್ಳ ಕನ್ನಡಕ ಹಾಕಿಲ್ಲ, ಹಾಗಾದರೆ ಕನ್ನಡಕ ಹಾಕಿರುವವರೆಲ್ಲ ನಿರಪರಾಧಿಗಳು’ ಎಂಬ ತರ್ಕವನ್ನು ಆರು ವರ್ಷದ ಮಗು ತಾನಾಗಿಯೇ ಮಾಡುವುದನ್ನು ನೋಡುವುದು ಬಹಳ ಸಂತೋಷದ ಸಂಗತಿ. ದಾಳ ಕೈಕೊಟ್ಟಾಗಲೆಲ್ಲ ನರಿ ಮೂರು ಮನೆ ಮುಂದೆ ಓಡುವುದರಿಂದ ಒತ್ತಡವೂ ಹದವಾಗಿರುತ್ತದೆ, ಆಟ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡವರಷ್ಟೇ ಕುಳಿತರೆ ಇದು ಸಪ್ಪೆ.

ಎಂಟರಿಂದ ಎಂಬತ್ತರವರೆಗೆ ಎಲ್ಲ ವಯಸ್ಸಿನವರೂ ಸೇರುವ ಮನೆಗೆ ಒಂದೇ ಆಟ ಹೇಳಿ ಎಂದರೆ ನಾನು ಸಿಮಿಲೋ ಎನ್ನುತ್ತೇನೆ. ಮೂವತ್ತು ಕಾರ್ಡುಗಳ ಸಣ್ಣ ಡಬ್ಬ. ಹನ್ನೆರಡು ಪಾತ್ರಗಳನ್ನು ಮೇಜಿನ ಮೇಲೆ ಹರಡಲಾಗುತ್ತದೆ, ಅವುಗಳಲ್ಲಿ ಒಂದು ಗುಟ್ಟಿನ ಪಾತ್ರವೆಂದು ಸುಳಿವು ಕೊಡುವವರಿಗೆ ಮಾತ್ರ ಗೊತ್ತು. ಅವರು ಬಾಯಿ ತೆರೆಯುವಂತಿಲ್ಲ. ತಮ್ಮ ಕೈಯಲ್ಲಿರುವ ಇನ್ನೊಂದು ಪಾತ್ರವನ್ನು ನೆಟ್ಟಗೆ ಇಟ್ಟರೆ ಗುಟ್ಟಿನ ಪಾತ್ರ ಇದನ್ನು ಹೋಲುತ್ತದೆ ಎಂದೂ, ಅಡ್ಡವಾಗಿ ಇಟ್ಟರೆ ಹೋಲುವುದಿಲ್ಲ ಎಂದೂ ಅರ್ಥ. ಯಾವುದರಲ್ಲಿ ಹೋಲಿಕೆ? ವಯಸ್ಸಿನಲ್ಲೋ, ಉಡುಗೆಯಲ್ಲೋ, ಮುಖಭಾವದಲ್ಲೋ? ಅದನ್ನು ಉಳಿದವರು ಚರ್ಚಿಸಿ ಮೊದಲ ಸುತ್ತಿನಲ್ಲಿ ಒಂದು ಪಾತ್ರವನ್ನು, ಆಮೇಲೆ ಎರಡನ್ನು, ಮೂರನ್ನು, ನಾಲ್ಕನ್ನು ತೆಗೆದುಹಾಕಿ, ಕೊನೆಗೆ ಉಳಿದ ಎರಡರಲ್ಲಿ ಒಂದನ್ನು ಕೈಬಿಡಬೇಕು. ಗುಟ್ಟಿನ ಪಾತ್ರವನ್ನೇ ತೆಗೆದರೆ ಎಲ್ಲರೂ ಸೋತಂತೆ. ಪ್ರಾಣಿಗಳು, ಪುರಾಣದ ಪಾತ್ರಗಳು, ಇತಿಹಾಸದ ವ್ಯಕ್ತಿಗಳು, ಕಥೆಗಳ ಪಾತ್ರಗಳು ಎಂದು ಬೇರೆ ಬೇರೆ ಡಬ್ಬಗಳಿವೆ. ಇತಿಹಾಸ, ಪುರಾಣದ ಡಬ್ಬಗಳಲ್ಲಿ ನಮ್ಮ ಹಿರಿಯರಿಗೆ ಪರಿಚಯವಿಲ್ಲದ ಯುರೋಪಿನ ಹೆಸರುಗಳು ಹೆಚ್ಚು ಬರುವುದರಿಂದ ಪ್ರಾಣಿಗಳ ಡಬ್ಬವನ್ನೇ ಮೊದಲು ಕೊಳ್ಳಿ. ಆನೆಗೂ ಆಮೆಗೂ ಏನು ಹೋಲಿಕೆ ಎಂದು ವಾದಿಸಲು ಯಾರಿಗೂ ಪೀಠಿಕೆ ಬೇಡ.

ಇನ್ನೂ ಸ್ವಲ್ಪ ದೊಡ್ಡ ಅನುಭವ ಬೇಕಾದರೆ ಮಿಸ್ಟೀರಿಯಂ. ಒಬ್ಬರು ಕೊಲೆಯಾದವರ ಆತ್ಮ, ಮಾತಾಡುವಂತಿಲ್ಲ. ಕನಸಿನಂತಹ ಚಿತ್ರಗಳನ್ನು ಕೊಟ್ಟು ಪ್ರತಿಯೊಬ್ಬರಿಗೂ ಅವರವರ ಪಾಲಿನ ವ್ಯಕ್ತಿ, ಸ್ಥಳ, ಆಯುಧವನ್ನು ಸೂಚಿಸಬೇಕು. ಏಳು ಸುತ್ತುಗಳ ಮಿತಿ, ಚರ್ಚೆಗೆ 2 ನಿಮಿಷದ ಮರಳು ಗಡಿಯಾರ, 2ರಿಂದ 7 ಜನ. ಚಿತ್ರಗಳು ಅತ್ಯಂತ ಸುಂದರ. ಆದರೆ ಜೋಡಿಸಲು ಹೊತ್ತು ಬೇಕು, ಆತ್ಮದ ಪಾತ್ರ ವಹಿಸಿದವರು ಆರು ಜನರಿಗೆ ಚಿತ್ರ ಆರಿಸುವಷ್ಟರಲ್ಲಿ ಉಳಿದವರು ಕಾಯಬೇಕು. ಹೀಗಾಗಿ ಚುರುಕು ಬೇಕೆಂದವರಿಗೆ 2020ರಲ್ಲಿ ಬಂದ ಅದರ ಚಿಕ್ಕ ರೂಪ ಮಿಸ್ಟೀರಿಯಂ ಪಾರ್ಕ್ ಹೆಚ್ಚು ಸರಿಹೋಗುತ್ತದೆ. ಡಬ್ಬದ ಮೇಲೆ 28 ನಿಮಿಷ ಎಂದಿದೆ, ಮೊದಲ ಸಲಕ್ಕೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಕಣ್ಣಿನಿಂದ ಹುಡುಕುವ ಪತ್ತೇದಾರಿಕೆಯಲ್ಲಿ ಮೈಕ್ರೋಮ್ಯಾಕ್ರೋಗೆ ಎಣೆಯಿಲ್ಲ. ಜರ್ಮನಿಯ ಯೋಹಾನ್ನೆಸ್ ಸಿಶ್ ರಚಿಸಿದ ಈ ಆಟಕ್ಕೆ 2021ರ ವರ್ಷದ ಆಟ ಪ್ರಶಸ್ತಿ ಬಂತು. 75 ಸೆಂಟಿಮೀಟರ್ ಅಗಲ, 110 ಸೆಂಟಿಮೀಟರ್ ಉದ್ದದ ಒಂದೇ ಹಾಳೆಯಲ್ಲಿ ಇಡೀ ನಗರವನ್ನು ಕಪ್ಪು-ಬಿಳುಪು ಗೆರೆಗಳಲ್ಲಿ ಬರೆಯಲಾಗಿದೆ, ಮತ್ತು ಒಬ್ಬನೇ ವ್ಯಕ್ತಿ ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ಕಡೆ ಇದ್ದದ್ದು ಒಂದೇ ನಕ್ಷೆಯಲ್ಲಿ ಕಾಣುತ್ತದೆ. ಶವ ಬಿದ್ದ ಜಾಗದಿಂದ ಹಿಂದಕ್ಕೆ ಬೀದಿ ಬೀದಿಯಲ್ಲಿ ಆ ವ್ಯಕ್ತಿಯನ್ನು ಹುಡುಕುತ್ತ ಹೋದರೆ ಅವನು ಎಲ್ಲಿಂದ ಹೊರಟ, ಯಾರು ಹಿಂಬಾಲಿಸಿದರು, ಏಕೆ ಕೊಂದರು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಹದಿನಾರು ಪ್ರಕರಣಗಳಿವೆ, ಒಂದೊಂದಕ್ಕೆ 15ರಿಂದ 45 ನಿಮಿಷ. ಈ ಹುಡುಕಾಟದಲ್ಲಿ ಮಕ್ಕಳು ದೊಡ್ಡವರನ್ನು ಸುಲಭವಾಗಿ ಹಿಂದೆ ಹಾಕುತ್ತಾರೆ, ಅದೇ ಅದರ ಸೊಬಗು. ಎರಡು ಎಚ್ಚರಿಕೆಗಳು: ನಕ್ಷೆಯ ನಾಲ್ಕೂ ಕಡೆಯಿಂದ ಬಗ್ಗಿ ನೋಡಲು ದೊಡ್ಡ ಮೇಜು ಅಥವಾ ನೆಲ, ಜೊತೆಗೆ ಒಳ್ಳೆಯ ಬೆಳಕು ಬೇಕು, ಚಾಳೀಸು ಬಂದವರಿಗೆ ಡಬ್ಬದಲ್ಲಿರುವ ಭೂತಗನ್ನಡಿಗಿಂತ ದೊಡ್ಡದೊಂದನ್ನು ತೆಗೆದಿಡಿ.

ಎಕ್ಸಿಟ್ ಸರಣಿ 2017ರಲ್ಲಿ ಜರ್ಮನಿಯ ಅನುಭವಿ ಆಟಗಾರರ ಪ್ರಶಸ್ತಿ ಗೆದ್ದಿದೆ, ಅನ್‌ಲಾಕ್ ಫೋನಿನ ಆ್ಯಪ್ ಜೊತೆಗೆ ಸಾಮಾನ್ಯವಾಗಿ ಒಂದು ಗಂಟೆಯ ಗಡಿಯಾರದಲ್ಲಿ ನಡೆಯುತ್ತದೆ. ಇಬ್ಬರು ಮೂವರು ಹದಿಹರೆಯದವರು ಮತ್ತು ಒಬ್ಬ ತಾಳ್ಮೆಯ ದೊಡ್ಡವರು ಇರುವಲ್ಲಿ ಇವೆರಡೂ ಚೆನ್ನ. ಐದಾರು ಜನರಿರುವಲ್ಲಿ ಒಂದು ಚಿಕ್ಕ ಕಾರ್ಡಿನ ಮೇಲೆ ಎಲ್ಲರೂ ಮುಗಿಬೀಳಬೇಕಾಗುತ್ತದೆ.

ಐದನೆಯ ಹೆಜ್ಜೆ: ಒಬ್ಬರೇ ಎಲ್ಲವನ್ನೂ ಆಡಿಸದಂತೆ ನೋಡಿ

ಸಹಕಾರಿ ಆಟಗಳ ದೊಡ್ಡ ದೋಷವೆಂದರೆ ಬುದ್ಧಿವಂತರಾದ, ಗಟ್ಟಿ ದನಿಯ ಒಬ್ಬರು ಉಳಿದವರ ಸರದಿಯನ್ನೂ ತಾವೇ ನಿರ್ಧರಿಸಿಬಿಡುವುದು. ನಮ್ಮ ಮನೆಗಳಲ್ಲಿ ಹಿರಿಯರ ಮಾತಿಗೆ ಎದುರಾಡದ ಅಭ್ಯಾಸವೂ ಇರುವುದರಿಂದ ಇದು ಇನ್ನಷ್ಟು ಸುಲಭವಾಗಿ ನಡೆದುಹೋಗುತ್ತದೆ. ಒಳ್ಳೆಯ ಆಟಗಳು ಇದಕ್ಕೆ ನಿಯಮದಲ್ಲೇ ತಡೆ ಹಾಕಿರುತ್ತವೆ, ಕೊಳ್ಳುವಾಗ ಆ ತಡೆ ಯಾವುದೆಂದು ಹುಡುಕಿ. ಸಿಮಿಲೋ, ಮಿಸ್ಟೀರಿಯಂಗಳಲ್ಲಿ ಹೆಚ್ಚು ತಿಳಿದವರು ಮಾತಾಡುವಂತಿಲ್ಲ. ಮಿಸ್ಟೀರಿಯಂನಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಚಿತ್ರ, ತಮ್ಮದೇ ಗುರಿ. ಫೈವ್ ಮಿನಿಟ್ ಮಿಸ್ಟರಿಯಲ್ಲಿ ಇನ್ನೊಬ್ಬರ ಕೆಲಸ ನೋಡಲು ಸಮಯವೇ ಇರುವುದಿಲ್ಲ. ಮೈಕ್ರೋಮ್ಯಾಕ್ರೋದಲ್ಲಿ ನಕ್ಷೆ ಎಷ್ಟು ದೊಡ್ಡದೆಂದರೆ ಒಬ್ಬರ ಕಣ್ಣಿಗೆ ಎಲ್ಲವೂ ಸಿಗುವುದಿಲ್ಲ. ಔಟ್‌ಫಾಕ್ಸ್ಡ್‌ನಲ್ಲಿ ಇಂತಹ ತಡೆ ಇಲ್ಲದ ಕಾರಣ ದೊಡ್ಡವರು ತಾವಾಗಿ ಬಾಯಿ ಬಿಗಿ ಹಿಡಿಯಬೇಕು: ಶಂಕಿತರನ್ನು ಕೈಬಿಡುವ ಮಾತನ್ನು ಮಗುವೇ ಮೊದಲು ಆಡಲಿ.

ಎಲ್ಲರೂ ಒಂದೇ ತಂಡವಾಗುವ ಕಲ್ಪನೆ ಮನೆಯಲ್ಲಿ ಕೆಲವರಿಗೆ ರುಚಿಸದಿದ್ದರೆ ಸ್ಕಾಟ್ಲೆಂಡ್ ಯಾರ್ಡ್ ಒಂದು ನಡುದಾರಿ. 1983ರಲ್ಲಿ ಜರ್ಮನಿಯ ಪ್ರಶಸ್ತಿ ಪಡೆದ ಆ ಆಟದಲ್ಲಿ ಒಬ್ಬರು ಲಂಡನ್ನಿನ ಬೀದಿಗಳಲ್ಲಿ ತಲೆಮರೆಸಿಕೊಂಡ ಅಪರಾಧಿ, ಉಳಿದವರೆಲ್ಲ ಒಟ್ಟಾಗಿ ಬೆನ್ನಟ್ಟುವ ಪೊಲೀಸರು. ಸ್ಪರ್ಧೆಯ ಹುರುಪೂ ಇದೆ, ಸಹಕಾರದ ಅಭ್ಯಾಸವೂ ಆಗುತ್ತದೆ.

ಆರನೆಯ ಹೆಜ್ಜೆ: ವಿಷಯ, ಬಾಳಿಕೆ, ಮತ್ತೆ ಆಡುವ ಸಾಧ್ಯತೆ

ಮೈಕ್ರೋಮ್ಯಾಕ್ರೋದ ಚಿತ್ರಗಳು ಮುದ್ದಾಗಿ ಕಂಡರೂ ಅದರೊಳಗೆ ಕೊಲೆ, ದಾಂಪತ್ಯದ್ರೋಹ ಮುಂತಾದವು ಇವೆ. ಮೊದಲ ಡಬ್ಬಕ್ಕೆ ಈ ಬಗ್ಗೆ ಆಕ್ಷೇಪ ಬಂದ ಮೇಲೆ, ಮುಂದಿನ ಡಬ್ಬಗಳಲ್ಲಿ ಯಾವ ಪ್ರಕರಣದಲ್ಲಿ ಏನಿದೆ ಎಂದು ಪಾಲಕರಿಗೆ ತಿಳಿಸುವ ಚಿಹ್ನೆಗಳನ್ನು ಹಾಕಲಾಗಿದೆ. ಚಿಕ್ಕ ಮಕ್ಕಳಿದ್ದರೆ ಆ ಚಿಹ್ನೆಗಳಿರುವ ಡಬ್ಬವನ್ನೇ ಕೊಳ್ಳಿ, ಅಥವಾ ಮೊದಲ ಡಬ್ಬದ ಪ್ರಕರಣಗಳನ್ನು ನೀವೊಮ್ಮೆ ನೋಡಿ ಆರಿಸಿಕೊಡಿ.

ಎಕ್ಸಿಟ್ ಆಟದಲ್ಲಿ ಹಾಳೆಗಳನ್ನು ಕತ್ತರಿಸಿ, ಮಡಚಿ, ಅವುಗಳ ಮೇಲೆ ಬರೆಯಬೇಕಾಗಿರುವುದರಿಂದ ಒಮ್ಮೆ ಆಡಿದ ಮೇಲೆ ಅದು ಮುಗಿದಂತೆಯೇ. ಅನ್‌ಲಾಕ್, ಮೈಕ್ರೋಮ್ಯಾಕ್ರೋಗಳಲ್ಲಿ ಏನೂ ಹಾಳಾಗುವುದಿಲ್ಲ, ಆದರೆ ಉತ್ತರ ಗೊತ್ತಾಗಿಬಿಡುವುದರಿಂದ ನೆರೆಮನೆಯವರಿಗೆ ಕೊಟ್ಟು ಅವರದ್ದನ್ನು ತಂದುಕೊಳ್ಳುವುದು ಜಾಣತನ. ಸಿಮಿಲೋ, ಮಿಸ್ಟೀರಿಯಂ, ಔಟ್‌ಫಾಕ್ಸ್ಡ್ ಪ್ರತಿ ಸಲವೂ ಹೊಸದಾಗಿರುತ್ತವೆ. ಬೆಲೆಯನ್ನು ಡಬ್ಬದ ಲೆಕ್ಕದಲ್ಲಿ ನೋಡದೆ, ಎಷ್ಟು ಸಂಜೆ ಆಡಬಹುದು ಎಂಬ ಲೆಕ್ಕದಲ್ಲಿ ನೋಡಿ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ಮಳೆಗಾಲದ ತೇವಕ್ಕೆ ಕಾರ್ಡುಗಳು ಬಾಗುತ್ತವೆ, ದೊಡ್ಡ ನಕ್ಷೆಗಳು ಮಡಿಕೆಯಲ್ಲಿ ಹರಿಯುತ್ತವೆ, ಗಾಳಿಯಾಡದ ಡಬ್ಬದಲ್ಲಿಡುವುದು ಒಳ್ಳೆಯದು.

ಏಳನೆಯ ಹೆಜ್ಜೆ: ಹಣ ಕೊಡುವ ಮೊದಲು ಪರೀಕ್ಷಿಸಿ

ಹೆಚ್ಚಿನ ಪ್ರಕಾಶಕರು ನಿಯಮಪುಸ್ತಕವನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿರುತ್ತಾರೆ. ಅದನ್ನು ಇಳಿಸಿಕೊಂಡು, ಒಂದು ಸರದಿಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಐದು ವಾಕ್ಯಗಳಲ್ಲಿ ಹೇಳಲು ಪ್ರಯತ್ನಿಸಿ. ಸಾಧ್ಯವಾದರೆ ಆ ಆಟವನ್ನು ಮನೆಯವರಿಗೆ ಕಲಿಸಬಲ್ಲಿರಿ, ಆಗದಿದ್ದರೆ ಇನ್ನೊಂದನ್ನು ನೋಡಿ. ಆಡುವ ವಿಡಿಯೋ ನೋಡುವಾಗ ಆಟದ ಹೊಗಳಿಕೆಗೆ ಕಿವಿಗೊಡುವ ಬದಲು ಯಾರು ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದಾರೆ ಎಂಬುದನ್ನು ಗಮನಿಸಿ. ಬೆಂಗಳೂರಿನಂತಹ ಊರುಗಳಲ್ಲಿ ಬೋರ್ಡ್ ಗೇಮ್ ಕೆಫೆಗಳಿವೆ, ಕೊಳ್ಳುವ ಮುನ್ನ ಒಮ್ಮೆ ಅಲ್ಲಿ ಆಡಿ ನೋಡಬಹುದು.

ನಕಲಿ ಪ್ರತಿಗಳ ಬಗ್ಗೆ ಎಚ್ಚರವಿರಲಿ. ಅಸಲಿಗಿಂತ ತೀರಾ ಕಡಿಮೆ ಬೆಲೆ, ಪ್ರಕಾಶಕರ ಹೆಸರಿಲ್ಲದ ವಿವರಣೆ, ಮಬ್ಬಾದ ಚಿತ್ರಗಳು ಕಂಡರೆ ಬಿಟ್ಟುಬಿಡಿ. ಬೇರೆ ಆಟಗಳಲ್ಲಿ ಮುದ್ರಣ ಮಸುಕಾದರೆ ಅಂದ ಮಾತ್ರ ಕೆಡುತ್ತದೆ. ಚಿತ್ರದೊಳಗೆ ಸುಳಿವು ಹುಡುಕುವ ಆಟದಲ್ಲಿ ಸುಳಿವೇ ಕಾಣದಂತಾಗುತ್ತದೆ.

ಎಂಟನೆಯ ಹೆಜ್ಜೆ: ಮೊದಲ ಸಂಜೆ

ನಿಯಮವನ್ನು ಒಬ್ಬರು ಹಿಂದಿನ ದಿನವೇ ಓದಿಕೊಂಡಿರಬೇಕು. ಎಲ್ಲರನ್ನೂ ಕೂರಿಸಿಕೊಂಡು ಇಂಗ್ಲಿಷ್ ಪುಸ್ತಕ ಬಿಡಿಸಿದರೆ ಆಟ ಆರಂಭವಾಗುವ ಮುನ್ನವೇ ಉತ್ಸಾಹ ಇಳಿದುಹೋಗುತ್ತದೆ. ಪ್ರಕರಣವನ್ನು ಕಥೆಯಾಗಿ ಎರಡು ಮಾತಿನಲ್ಲಿ ಹೇಳಿ, ಗೆಲ್ಲುವುದು ಹೇಗೆ ಎಂದು ಹೇಳಿ, ಒಂದು ಸರದಿಯನ್ನು ಆಡಿ ತೋರಿಸಿ. ಉಳಿದ ನಿಯಮಗಳನ್ನು ಅವು ಎದುರಾದಾಗ ಹೇಳಿದರಾಯಿತು. ಮೈಕ್ರೋಮ್ಯಾಕ್ರೋವನ್ನು ಅತಿ ಸುಲಭದ ಪ್ರಕರಣದಿಂದ ಆರಂಭಿಸಿ. ಸಿಮಿಲೋದಲ್ಲಿ ಮೊದಲ ಸುಳಿವುಗಾರರಾಗಿ ನಿಯಮ ಬಲ್ಲವರೇ ಕೂತು, ಎರಡನೆಯ ಸಲಕ್ಕೆ ಆ ಜಾಗವನ್ನು ಅಜ್ಜಿಗೋ ಕಿರಿಯ ಮಗುವಿಗೋ ಬಿಟ್ಟುಕೊಡಿ. ಮಿಸ್ಟೀರಿಯಂನಲ್ಲಿ ಮಾತ್ರ ಆತ್ಮದ ಪಾತ್ರವನ್ನು ಮೊದಲ ಎರಡು ಆಟಗಳಿಗೆ ಅನುಭವಿಗಳೇ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ತಪ್ಪು ಚಿತ್ರ ಆರಿಸಿದರೆ ಎಲ್ಲರ ಆಟವೂ ನಿಲ್ಲುತ್ತದೆ.

ಸೋತರೆ ಕಾರ್ಡುಗಳನ್ನು ಕೂಡಲೇ ಒಳಗಿಡಬೇಡಿ. ‘ನೀನು ಆ ನವಿಲನ್ನು ಅಡ್ಡ ಇಟ್ಟದ್ದು ಯಾಕೆ?’ ಎಂದು ಕೇಳಿ ತಿಳಿದುಕೊಳ್ಳುವ ಆ ಎರಡು ನಿಮಿಷದಲ್ಲಿ ಒಬ್ಬರ ಯೋಚನೆಯ ದಾರಿ ಇನ್ನೊಬ್ಬರಿಗೆ ತಿಳಿಯುತ್ತದೆ, ಮುಂದಿನ ಆಟ ಅದರಿಂದಲೇ ವೇಗ ಪಡೆಯುತ್ತದೆ. ಹೀಗೆ ನಾಲ್ಕೈದು ಸಂಜೆ ಆಡಿದ ಮೇಲೆ ನಿಮ್ಮ ಪಟ್ಟಿಯನ್ನು ಮತ್ತೆ ತೆಗೆದು, ಯಾರು ಚಿತ್ರ ಓದುವುದರಲ್ಲಿ ಚುರುಕು, ಯಾರು ತರ್ಕದಲ್ಲಿ, ಯಾರಿಗೆ ಗಡಿಯಾರ ಇಷ್ಟ ಎಂದು ಬರೆದುಕೊಳ್ಳಿ. ತರ್ಕದ ಕಡೆ ಒಲವು ಕಂಡರೆ ಎರಡನೆಯ ಡಬ್ಬವಾಗಿ 2025ರಲ್ಲಿ ಜರ್ಮನಿಯ ವರ್ಷದ ಆಟವಾದ ಬಾಂಬ್ ಬಸ್ಟರ್ಸ್ ನೋಡಬಹುದು; ಅದರಲ್ಲಿ ಅಂಕಿಗಳನ್ನು ಊಹಿಸುತ್ತ ಎಲ್ಲರೂ ಸೇರಿ ಬಾಂಬ್ ನಿಷ್ಕ್ರಿಯಗೊಳಿಸಬೇಕು, 1ರಿಂದ 12ರವರೆಗಿನ ಅಂಕಿ ಗೊತ್ತಿದ್ದವರೆಲ್ಲ ಕೂರಬಹುದು. ಚಿತ್ರದ ಕಡೆ ಒಲವು ಕಂಡರೆ ಸಿಮಿಲೋದ ಇನ್ನೊಂದು ಡಬ್ಬವನ್ನೇ ತಂದು, ಎರಡು ಡಬ್ಬಗಳ ಪಾತ್ರಗಳನ್ನು ಬೆರೆಸಿ ಆಡಿ: ಮೇಜಿನ ಮೇಲೆ ಪ್ರಾಣಿಗಳು, ಸುಳಿವಿಗೆ ಮನುಷ್ಯರು.